ಕಂಬಿ ತುಕ್ಕು ಹಿಡಿಯೋ ತನಕ ಫೆಲೋಶಿಪ್ ಇರುತ್ತಾ? ಆರ್‌ಸಿಸಿ ಪಿಎಚ್‌ಡಿಗೆ ದುಡ್ಡಿನ ದಾರಿ ಹೇಳಿ

ಕರಾವಳಿ_ಕಂಬಿ
ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ಕರಾವಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡುತ್ತೇನೆ. ಪಾರ್ಟ್ ಟೈಮ್ ಪಿಎಚ್‌ಡಿಗೆ ಸೇರಿ ಎಂಟು ತಿಂಗಳಾಯಿತು. ಸಮುದ್ರದ ಪಕ್ಕದ ಆರ್‌ಸಿಸಿ (ಒಳಗೆ ಕಂಬಿ ಇರೋ ಕಾಂಕ್ರೀಟ್) ಕಟ್ಟಡಗಳಲ್ಲಿ ಕಂಬಿ ತುಕ್ಕು ಹಿಡಿದ ಮೇಲೆ ಬೀಮಿಗೆ ಎಷ್ಟು ಶಕ್ತಿ ಉಳಿದಿರುತ್ತದೆ ಅನ್ನೋದು ನನ್ನ ವಿಷಯ. ಇದು ತಲೆಗೆ ಹೊಕ್ಕಿದ್ದು ಪುಸ್ತಕದಿಂದಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಮನೆ ಬಾಲ್ಕನಿಯ ಅಡಿಯಿಂದ ತಟ್ಟೆ ಅಗಲದ ಕಾಂಕ್ರೀಟ್ ಚಕ್ಕೆ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಬಿತ್ತು. ಅಮ್ಮ ಐದು ನಿಮಿಷ ಮುಂಚೆ ಅಲ್ಲಿಂದ ಎದ್ದು ಹೋಗಿದ್ದರು. ಏಣಿ ಹಾಕಿ ನೋಡಿದೆ. 8 ಎಂಎಂ ಕಂಬಿ ಪದರ ಪದರವಾಗಿ ಎದ್ದಿತ್ತು. ಉಗುರಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆ ಹಾಗೆ ಬರುತ್ತಿತ್ತು. ಸ್ಕೇಲ್ ಹಿಡಿದು ಕವರ್ (ಕಂಬಿಯ ಹೊರಗೆ ಇರೋ ಕಾಂಕ್ರೀಟ್ ಪದರ) ಅಳೆದರೆ 12 ಎಂಎಂ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಕೋಡ್ ಐಎಸ್ 456 ಈಗ ಕರಾವಳಿಗೆ ಕೇಳೋದು 45.

ಈಗ ದುಡ್ಡಿನ ಕಥೆ. 18 ಬೀಮ್ ಹಾಕಬೇಕು ಅಂತ ಲೆಕ್ಕ. ಒಂದೊಂದು 150 ಎಂಎಂ ಅಗಲ, 200 ಎಂಎಂ ಎತ್ತರ, 2 ಮೀಟರ್ ಉದ್ದ. ಒಟ್ಟು ಕಾಂಕ್ರೀಟ್ 1 ಘನ ಮೀಟರಿಗಿಂತ ಸ್ವಲ್ಪ ಜಾಸ್ತಿ. ಸಿಮೆಂಟ್ 9 ಚೀಲ, ಕಂಬಿ ಹೆಚ್ಚುಕಡಿಮೆ 160 ಕೆಜಿ. ಮರಳು, ಜಲ್ಲಿ ಸೇರಿಸಿದರೂ 20 ಸಾವಿರದ ಆಚೆ ಈಚೆ. ಇಷ್ಟೇನಾ ಅಂತ ನನಗೇ ಆಶ್ಚರ್ಯ ಆಯಿತು. ಆಮೇಲೆ ಉಳಿದ ಪಟ್ಟಿ ಬಂತು. ಕಂಬಿಗೆ ಅಂಟಿಸಿ ಅದರ ಹಿಗ್ಗು ಅಳೆಯೋ ಸ್ಟ್ರೈನ್ ಗೇಜ್, ಡಿಸಿ ಪವರ್ ಸಪ್ಲೈ, ಭಾರ ಅಳೆಯೋ ಲೋಡ್ ಸೆಲ್, ರೀಡಿಂಗ್ ದಾಖಲಿಸೋ ಡೇಟಾ ಲಾಗರ್. ಅದೆಲ್ಲ ಲಕ್ಷಗಳಲ್ಲಿ.

ಗೈಡ್ ಒಳ್ಳೆಯವರು. ಆದರೆ ಹೇಳಿದ್ದು ಹೀಗೆ: "ಟಾಪಿಕ್ ಬದಲಾಯಿಸಮ್ಮ. ಯಾವುದಾದ್ರೂ ಬೂದಿ ಹಾಕಿ ಕ್ಯೂಬ್ ಮಾಡು, ಎರಡು ವರ್ಷಕ್ಕೆ ಮುಗಿಯುತ್ತೆ."

ಯಾರಾದರೂ ಇಂಥದ್ದಕ್ಕೆ ಹಣ ತಂದಿದ್ದೀರಾ? ಎಲ್ಲಿಂದ? ಹೇಗೆ?

ಸುಮ್ನೆ_ಓದುಗ
9:32

ಬೂದಿ ಟಾಪಿಕ್ ಬೇಕಾದರೆ ನಾನೇ ಕೊಡುತ್ತೇನೆ. ಫ್ಲೈ ಆಶ್ ಆಯಿತು, ಅಕ್ಕಿ ಹೊಟ್ಟಿನ ಬೂದಿ ಆಯಿತು, ತೆಂಗಿನ ಚಿಪ್ಪು ಆಯಿತು, ಗಾಜಿನ ಪುಡಿ ಆಯಿತು. ಅಡಿಕೆ ಸಿಪ್ಪೆ ಇನ್ನೂ ಖಾಲಿ ಇರಬಹುದು, ಬೇಗ ಹಿಡಿದುಕೊಳ್ಳಿ. ಕಾಂಕ್ರೀಟಿನಲ್ಲಿ 10, 20, 30 ಪರ್ಸೆಂಟ್ ಬೆರೆಸೋದು. 7 ದಿನಕ್ಕೆ, 28 ದಿನಕ್ಕೆ ಕಾಂಕ್ರೀಟ್ ಕ್ಯೂಬ್ ಒಡೆದು ಶಕ್ತಿ ನೋಡೋದು. ಗ್ರಾಫ್ 20ರವರೆಗೆ ಹತ್ತುತ್ತೆ, 30ಕ್ಕೆ ಇಳಿಯುತ್ತೆ. "20 ಪರ್ಸೆಂಟ್ ಸೂಕ್ತ." ಚಪ್ಪಾಳೆ. ಡಾಕ್ಟರ್.

ಲ್ಯಾಬಣ್ಣ
10:05

ನಗಬೇಡಿ ಸ್ವಾಮಿ, ಅದಕ್ಕೂ ಕಾರಣ ಇದೆ. 22 ವರ್ಷದಿಂದ ಕಾಂಕ್ರೀಟ್ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಪ್ರತಿ ಕಾಲೇಜಿನಲ್ಲೂ ಒಂದು ಕಂಪ್ರೆಷನ್ ಯಂತ್ರ ಇದ್ದೇ ಇರುತ್ತೆ, ಅಫಿಲಿಯೇಷನ್‌ಗೆ ಬೇಕು. ಕ್ಯೂಬ್ 8 ಕೆಜಿ ಚಿಲ್ಲರೆ, ಒಬ್ಬ ಹುಡುಗ ಎತ್ತಿ ಇಡುತ್ತಾನೆ. ಎರಡು ಮೀಟರ್ ಬೀಮ್ ಅಂದರೆ 150 ಕೆಜಿ. ಅದಕ್ಕೆ ಭಾರ ಹಾಕಿ ಮುರಿಯೋ ಲೋಡಿಂಗ್ ಫ್ರೇಮ್ ಬೇಕು, ಚೈನ್ ಪುಲ್ಲಿ ಬೇಕು, ನಾಲ್ಕು ಜನ ಬೇಕು. ಒಡೆದ ಮೇಲೆ ಅದನ್ನು ಎಲ್ಲಿ ಎಸೆಯೋದು ಅನ್ನೋದೇ ಒಂದು ಪ್ರಾಜೆಕ್ಟ್. ನಮ್ಮ ಲ್ಯಾಬ್ ಹಿಂದೆ 2011ರ ಬೀಮ್‌ಗಳು ಇನ್ನೂ ಮಲಗಿವೆ. ಹುಡುಗರು ಕೂತು ಊಟ ಮಾಡುತ್ತಾರೆ.

ಮತ್ತೊಂದು. ವಿಶ್ವಬ್ಯಾಂಕ್ ದುಡ್ಡಿನ ಟೆಕ್ವಿಪ್ ಯೋಜನೆ ಇದ್ದಾಗ ಎಷ್ಟೋ ಕಾಲೇಜಿಗೆ ಒಳ್ಳೊಳ್ಳೆ ಯಂತ್ರ ಬಂತು. ಯೋಜನೆ 2021ಕ್ಕೆ ಮುಗಿಯಿತು. ಯಂತ್ರ ಕೊಳ್ಳೋಕೆ ದುಡ್ಡು ಇತ್ತು, ಸರಿಯಾಗಿ ತೋರಿಸುತ್ತಾ ಅಂತ ಪರೀಕ್ಷಿಸೋ ಕ್ಯಾಲಿಬ್ರೇಷನ್ ಮಾಡಿಸೋಕೆ ಮುಂದೆ ಯಾರೂ ಕೊಡಲಿಲ್ಲ. ಈಗ ಆ ಫ್ರೇಮ್ ತೋರಿಸೋ ಲೋಡನ್ನು ನಾನೇ ನಂಬೋದಿಲ್ಲ. ಸಂಶೋಧನೆ ಉಪಕರಣಕ್ಕೆ ಮೊದಲು ರಿಯಾಯಿತಿ ದರದಲ್ಲಿ 5 ಪರ್ಸೆಂಟ್ ಜಿಎಸ್‌ಟಿ ಇತ್ತು. 2022ರ ಜುಲೈನಲ್ಲಿ ಅದನ್ನೂ ತೆಗೆದು 18 ಮಾಡಿದರು.

ಗೇಟ್_ಗುರು
10:40

ಮೇಡಂ, ನಿಮ್ಮ ತೊಂದರೆ ಶುರುವಾಗೋದೇ "ಪಾರ್ಟ್ ಟೈಮ್" ಅನ್ನೋ ಕಡೆಯಿಂದ.

ಫುಲ್ ಟೈಮ್ ಓದುವವರ ಲೆಕ್ಕ ನೋಡಿ. ಗೇಟ್ (ರಾಷ್ಟ್ರಮಟ್ಟದ ಪರೀಕ್ಷೆ) ಬರೆದು ಎಂಟೆಕ್ ಸೇರಿದರೆ ತಿಂಗಳಿಗೆ 12,400 ಸ್ಟೈಪೆಂಡ್. ನಮ್ಮಲ್ಲಿ ಜಾಸ್ತಿ ಜನ ರಾಜ್ಯದ ಪಿಜಿಸಿಇಟಿ ಬರೆದು ಸೇರುತ್ತಾರೆ, ಅವರಿಗೆ ಅದೂ ಇಲ್ಲ. ಪಿಎಚ್‌ಡಿಗೆ ಬಂದರೆ ಜೂನಿಯರ್ ಫೆಲೋಶಿಪ್ (ಜೆಆರ್‌ಎಫ್) 37,000, ಎರಡು ವರ್ಷ ಆದ ಮೇಲೆ ಸೀನಿಯರ್ (ಎಸ್‌ಆರ್‌ಎಫ್) 42,000. 2023ರ ಜನವರಿಯಿಂದ ಇದು ಜಾರಿ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಸಿಕ್ಕಿದರೆ 70 ಸಾವಿರದಿಂದ ಶುರು, ಜೊತೆಗೆ ಖರ್ಚಿಗೆ ವರ್ಷಕ್ಕೆ 2 ಲಕ್ಷ. ಆದರೆ ಅದು ಐಐಎಸ್‌ಸಿ, ಐಐಟಿ, ಎನ್‌ಐಟಿ ಥರದ ಕಡೆಗೆ ಮಾತ್ರ. ಜೆಆರ್‌ಎಫ್‌ಗೆ ಯುಜಿಸಿ ನೆಟ್ ಬರೆಯೋಣ ಅಂದರೆ ಅದರಲ್ಲಿ ಸಿವಿಲ್ ಇಂಜಿನಿಯರಿಂಗ್ ಅನ್ನೋ ವಿಷಯವೇ ಇಲ್ಲ.

ನಿಮಗೆ ಉಳಿಯೋದು ಎರಡು ದಾರಿ. ಗೈಡ್ ಹೆಸರಲ್ಲಿ ಪ್ರಾಜೆಕ್ಟ್ ಹಾಕಿಸೋದು. ಮೊದಲು ಸಂಶೋಧನೆಗೆ ಹಣ ಕೊಡೋ ಕೇಂದ್ರದ ಎಸ್‌ಇಆರ್‌ಬಿ ಇತ್ತು, ಈಗ ಅದು ಹೊಸ ಅನುಸಂಧಾನ್ ಪ್ರತಿಷ್ಠಾನದೊಳಗೆ ಸೇರಿದೆ. ಇನ್ನೊಂದು, ಬೆಂಗಳೂರಿನ ಕೆಎಸ್‌ಸಿಎಸ್‌ಟಿ, ಅಂದರೆ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. ಐಐಎಸ್‌ಸಿ ಆವರಣದಲ್ಲೇ ಇದೆ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ 1977ರಿಂದ ದುಡ್ಡು ಕೊಡುತ್ತಿದ್ದಾರೆ. ದೊಡ್ಡ ಮೊತ್ತ ಅಲ್ಲ. ನಿಮ್ಮ ಬಿಇ, ಎಂಟೆಕ್ ಹುಡುಗರ ಹೆಸರಲ್ಲಿ ಹಾಕಿಸಿದರೆ ಕಂಬಿ, ಸಿಮೆಂಟ್ ಖರ್ಚಿಗೆ ಆಗುತ್ತೆ.

ಕರಾವಳಿ_ಕಂಬಿ
11:15

ಥ್ಯಾಂಕ್ಸ್ ಸರ್. ಆದರೆ ನನ್ನ ದೊಡ್ಡ ಚಿಂತೆ ಸಿಮೆಂಟ್ ಖರ್ಚು ಅಲ್ಲ, ಸಮಯ. ಒಳ್ಳೆ ಕಾಂಕ್ರೀಟಿನಲ್ಲಿ ಉಪ್ಪು ಒಳಗೆ ಇಳಿದು ಕಂಬಿ ಮುಟ್ಟೋಕೆ ವರ್ಷಗಟ್ಟಲೆ ಬೇಕು. ಫೆಲೋಶಿಪ್ ಐದು ವರ್ಷ, ಪ್ರಾಜೆಕ್ಟ್ ಆದರೆ ಮೂರೇ ವರ್ಷ. ಅದಕ್ಕೇ ಎಲ್ಲರೂ ಬೀಮನ್ನು ಉಪ್ಪುನೀರಲ್ಲಿ ಇಟ್ಟು ಕಂಬಿಗೆ ಕರೆಂಟ್ ಕೊಟ್ಟು ಬಲವಂತವಾಗಿ ತುಕ್ಕು ಹಿಡಿಸುತ್ತಾರೆ.

ಒಂದು ಟ್ರಯಲ್ ನಾನೂ ಮಾಡಿದೆ. ಪ್ಲಾಸ್ಟಿಕ್ ಟಬ್, 5 ಪರ್ಸೆಂಟ್ ಉಪ್ಪುನೀರು, ಸ್ಟೀಲ್ ತಗಡು, ಎಲೆಕ್ಟ್ರಾನಿಕ್ಸ್ ವಿಭಾಗದಿಂದ ಕಡ ತಂದ ಪವರ್ ಸಪ್ಲೈ. ಮೂರನೇ ದಿನ ಬಿರುಕಿನಿಂದ ಕಂದು ನೀರು ಬಂತು, ಖುಷಿಯೋ ಖುಷಿ. ನಾಲ್ಕನೇ ದಿನ ಗುಡುಗು ಮಳೆ, ಹನ್ನೊಂದು ಗಂಟೆ ಕರೆಂಟ್ ಇಲ್ಲ. ಎಷ್ಟು ಹೊತ್ತು ಎಷ್ಟು ಆಂಪಿಯರ್ ಹರಿಯಿತು ಅನ್ನೋದರ ಮೇಲೇ ತುಕ್ಕಿನ ಲೆಕ್ಕ ನಿಂತಿರೋದು. ಯಾವಾಗ ಹೋಯಿತು, ಯಾವಾಗ ಬಂತು ಅಂತ ವಾಚ್‌ಮನ್ ಕೇಳಿದರೆ "ರಾತ್ರಿ ಮೇಡಂ" ಅಂದರು.

ಇನ್ನೊಂದು ಅನುಮಾನವೂ ಇದೆ. ಹೀಗೆ ಹಿಡಿಸಿದ ತುಕ್ಕು ಕಂಬಿ ಸುತ್ತ ಸಮವಾಗಿ ಬರುತ್ತೆ. ನಮ್ಮ ಬಾಲ್ಕನಿಯಲ್ಲಿ ಹಾಗಿರಲಿಲ್ಲ. ಒಂದು ಕಡೆ ಕಂಬಿ ಹೊಸದರ ಹಾಗಿತ್ತು, ಒಂದು ಗೇಣು ಆಚೆ ಸೂಜಿಯಷ್ಟು ಸಣ್ಣ ಆಗಿತ್ತು. ಬೀಮ್ ಮುರಿಯೋದು ಆ ಸೂಜಿ ಜಾಗದಲ್ಲಿ ಅಲ್ವಾ?

ನಿವೃತ್ತ_ಇಇ
12:20

ಸರಿಯಾದ ಅನುಮಾನ. ಬಿಡಬೇಡಿ.

ಲೋಕೋಪಯೋಗಿ ಕೆಲಸದಲ್ಲಿ 34 ವರ್ಷ ಕಳೆದವನು ನಾನು. ನಿಮ್ಮ ಮನೆ 90ರ ದಶಕದ್ದು ಆಗಿದ್ದರೆ 1978ರ ಕೋಡ್ ಕಾಲದ್ದು. ಅದು ಸ್ಲ್ಯಾಬಿಗೆ 15 ಎಂಎಂ ಕವರ್ ಸಾಕು ಅಂತಿತ್ತು. ಕೆಟ್ಟ ವಾತಾವರಣ ಇದ್ದರೆ ಇನ್ನೂ ಹೆಚ್ಚು ಕೊಡಿ ಅಂತಲೂ ಬರೆದಿತ್ತು. ಆ ಸಾಲನ್ನು ನಾವು ಓದಲಿಲ್ಲ, ಮೇಸ್ತ್ರಿಗೆ ಹೇಳಲೂ ಇಲ್ಲ. ಕಂಬಿ ಎತ್ತಿ ಹಿಡಿಯೋ ಕವರ್ ಬ್ಲಾಕ್ ಬದಲು ಜಲ್ಲಿ ಕಲ್ಲು ಇಡುತ್ತಿದ್ದ ಕಾಲ ಅದು.

ಹಣದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಏನಾದರೂ ಬಿದ್ದ ಮೇಲೇ ದುಡ್ಡು ಏಳೋದು. 2001ರ ಜನವರಿ 26, ಭುಜ್ ಭೂಕಂಪ. ಅಷ್ಟು ದೂರದ ಅಹಮದಾಬಾದಿನಲ್ಲೂ ಕೆಳಗೆ ಬರೀ ಕಂಬ, ಮೇಲೆ ಫ್ಲ್ಯಾಟ್ ಇದ್ದ ಆರ್‌ಸಿಸಿ ಕಟ್ಟಡಗಳು ಕುಸಿದವು. ಅದಾದ ಮೇಲೆ 2003ರಲ್ಲಿ ಕೇಂದ್ರ ಸರ್ಕಾರ ಭೂಕಂಪ ಇಂಜಿನಿಯರಿಂಗ್ ಶಿಕ್ಷಣಕ್ಕೆ ಅಂತಲೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಐಐಟಿಗಳು, ಐಐಎಸ್‌ಸಿ ಸೇರಿ ದೇಶದ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟವು. ಇವತ್ತು ಸೈಟಿನಲ್ಲಿ ರಿಂಗಿನ (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯೋ ಬಳೆ) ಕೊಕ್ಕೆಯನ್ನು 135 ಡಿಗ್ರಿ ಬಗ್ಗಿಸು ಅಂತ ಒಬ್ಬ ಇಂಜಿನಿಯರ್ ಹೇಳುತ್ತಿದ್ದರೆ ಅದರಲ್ಲಿ ಆ ತರಬೇತಿಯ ಪಾಲೂ ಇದೆ.

ಈಗ ನಮ್ಮ ಬಾಗಿಲಿಗೇ ಬನ್ನಿ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ನಲವತ್ತು ವರ್ಷದ ಸೇತುವೆ. ಲಾರಿ ನದಿಗೆ ಬಿತ್ತು, ಚಾಲಕ ಬದುಕಿದ, ಅದೃಷ್ಟ. ಯಾಕೆ ಬಿತ್ತು ಅಂತ ನಾನು ಇಲ್ಲಿ ಕೂತು ಹೇಳೋದಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಆ ವಯಸ್ಸಿನ ಸೇತುವೆ, ಶಾಲೆ, ಆಸ್ಪತ್ರೆ ಎಷ್ಟಿವೆ? ಅವುಗಳ ಕಂಬಿ ಹೇಗಿದೆ ಅಂತ ನೋಡೋಕೆ ಒಬ್ಬ ವಿದ್ಯಾರ್ಥಿಗೆ ಸಂಬಳ ಕೊಟ್ಟರೆ ಸರ್ಕಾರ ಮುಳುಗುತ್ತಾ?

ಪ್ರೇರಿ_ಕನ್ನಡಿಗ
ರಾತ್ರಿ 8:45

ಅಮೆರಿಕದಿಂದ. ಹಳೇ ಸೇತುವೆ ಗರ್ಡರ್‌ಗಳ (ದೊಡ್ಡ ಬೀಮ್) ಮೇಲೆ ಪಿಎಚ್‌ಡಿ, ನಾಲ್ಕನೇ ವರ್ಷ. ಊರು ಶಿವಮೊಗ್ಗ.

ಇಲ್ಲಿ ನನ್ನ ಫೀಸು, ಸಂಬಳ ಎರಡನ್ನೂ ಕೊಡೋದು ರಾಜ್ಯದ ಸಾರಿಗೆ ಇಲಾಖೆ. ದಾನ ಅಲ್ಲ, ಕಾನೂನು. ಹೆದ್ದಾರಿಗೆ ಅಂತ ಕೇಂದ್ರದಿಂದ ರಾಜ್ಯಕ್ಕೆ ಬರೋ ಮುಖ್ಯ ಹಣದಲ್ಲಿ ನೂರಕ್ಕೆ 2 ಪಾಲನ್ನು ಯೋಜನೆ ಮತ್ತು ಸಂಶೋಧನೆಗೆ ಎತ್ತಿಡಬೇಕು. ಆ ಎರಡರಲ್ಲಿ ಕಾಲು ಭಾಗವಾದರೂ ಸಂಶೋಧನೆಗೇ ಹೋಗಬೇಕು. ಅಂದರೆ ನೂರು ರೂಪಾಯಿ ರಸ್ತೆಗೆ ಐವತ್ತು ಪೈಸೆ. ಆ ಐವತ್ತು ಪೈಸೆಯಲ್ಲಿ ನನ್ನಂಥವರ ಅನ್ನ ನಡೆಯುತ್ತಿದೆ. ಇದರ ಮೇಲೆ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ನ ಫೌಂಡೇಷನ್, ಪ್ರೀಕಾಸ್ಟ್ ಉದ್ಯಮದ ಸಂಘ ಎಲ್ಲ ಎಂಎಸ್, ಪಿಎಚ್‌ಡಿ ಹುಡುಗರಿಗೆ ಫೆಲೋಶಿಪ್ ಕೊಡುತ್ತವೆ.

ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1903ರಲ್ಲಿ ಇಂಜಿನಿಯರಿಂಗ್ ಪ್ರಯೋಗ ಕೇಂದ್ರ ಆಯಿತು. ಮರುವರ್ಷ ಅದು ತಂದ ಮೊಟ್ಟಮೊದಲ ಬುಲೆಟಿನ್ ಯಾವುದರ ಮೇಲೆ ಗೊತ್ತಾ? ಆರ್‌ಸಿಸಿ ಬೀಮ್ ಪರೀಕ್ಷೆಗಳ ಮೇಲೆ. ಆರ್ಥರ್ ಟಾಲ್ಬಟ್ ಬರೆದದ್ದು.

ಆದರೆ ಇಇ ಸರ್ ಹೇಳಿದ "ಬಿದ್ದ ಮೇಲೆ ದುಡ್ಡು" ಇಲ್ಲೂ ಅಷ್ಟೇ ನಿಜ. 1955ರಲ್ಲಿ ಒಹಾಯೊದಲ್ಲಿ ವಾಯುಪಡೆಯ ಒಂದು ಗೋದಾಮಿನ ಛಾವಣಿ ಕುಸಿಯಿತು. ಬಿರುಗಾಳಿ ಇಲ್ಲ, ಹಿಮದ ಭಾರ ಇಲ್ಲ, ತನ್ನ ತೂಕಕ್ಕೇ ಬಿತ್ತು. ಬೀಮ್ ಒಡೆದ ಜಾಗದಲ್ಲಿ ರಿಂಗ್ ಇರಲಿಲ್ಲ, ಆಗಿನ ಕೋಡ್ ಪ್ರಕಾರ ಬೇಕಾಗಿಯೂ ಇರಲಿಲ್ಲ. ಆಮೇಲೆ ಶಿಯರ್ (ಬೀಮ್ ಓರೆಯಾಗಿ ಸೀಳಿ ಮುರಿಯೋದು) ಸಂಶೋಧನೆಗೆ ಜೋರು ಬಂತು, 1963ರ ಕೋಡಿನಲ್ಲಿ ನಿಯಮ ಬದಲಾಯಿತು.

ಕಟ್ಟಡ_ಕಾಂಟ್ರಾಕ್ಟರ್
9:20

ಐವತ್ತು ಪೈಸೆ ಐಡಿಯಾ ಚೆನ್ನಾಗಿದೆ. ನಮ್ಮಲ್ಲೂ ಸೆಸ್ ಇದೆಯಲ್ಲ. ಕಟ್ಟಡದ ಖರ್ಚಿನ ಮೇಲೆ 1 ಪರ್ಸೆಂಟ್ ನಾವು ಕಟ್ಟುತ್ತೇವೆ. ಆ ಮಂಡಳಿಯಲ್ಲಿ ದುಡ್ಡು ರಾಶಿ ಬಿದ್ದಿದೆ ಅಂತಾರೆ. ಅದರಿಂದ ಸ್ವಲ್ಪ ಸಂಶೋಧನೆಗೆ ಕೊಡಲಿ.

ಬಾರ್‌ಬೆಂಡಿಂಗ್_ಬಸು
9:28

ಏನಂದ್ರಿ? ಆ 1 ಪರ್ಸೆಂಟ್ ಕಾರ್ಮಿಕರ ಕಲ್ಯಾಣಕ್ಕೆ ಅಂತ 1996ರ ಕಾನೂನಲ್ಲಿ ಬಂದ ದುಡ್ಡು. ನನ್ನ ಮಗಳ ಸ್ಕಾಲರ್‌ಶಿಪ್ ಅರ್ಜಿ ಇನ್ನೂ ಅಲ್ಲೇ ಕೂತಿದೆ. ಅದಕ್ಕೆ ಕೈ ಹಾಕಬೇಡಿ. ಸಂಶೋಧನೆ ಬೇಕು ಅಂದರೆ ನಿಮ್ಮ ಲಾಭದಲ್ಲಿ ಐವತ್ತು ಪೈಸೆ ತೆಗೆಯಿರಿ.

ಇನ್ನೊಂದು ಮಾತು. ಕವರ್ ಬ್ಲಾಕ್ ಇಡೋದು ನಾನು. ಬೆಳಿಗ್ಗೆ ಕಟ್ಟಿ ಹೋಗುತ್ತೇನೆ, ಮಧ್ಯಾಹ್ನ ಕಾಂಕ್ರೀಟ್ ಹಾಕೋ ಗ್ಯಾಂಗ್ ಬಂದು ಜಾಲರಿ ಮೇಲೆಲ್ಲ ಓಡಾಡುತ್ತೆ. ಬ್ಲಾಕ್ ಮಗುಚಿ ಕಂಬಿ ಹಲಗೆಗೆ ಕೂರುತ್ತೆ. ಒಂದು ಸೈಟಿನಲ್ಲಿ 20 ಎಂಎಂ ಕೊಟ್ಟದ್ದು ಕೊನೆಗೆ ಎಷ್ಟು ಉಳಿಯಿತು ಅಂತ ಯಾವ ಪಿಎಚ್‌ಡಿಯವರೂ ಬಂದು ಅಳೆದದ್ದನ್ನು ನಾನು ನೋಡಿಲ್ಲ. ಅದಕ್ಕೆ ಯಂತ್ರ ಬೇಡ, ಒಂದು ಟೇಪು ಸಾಕು.

ಕರಾವಳಿ_ಕಂಬಿ
9:41

ಬಸು ಅವರೇ, ನಿಮ್ಮ ಮಾತು ನನ್ನ ಸಿನಾಪ್ಸಿಸ್‌ಗೆ ಸೇರಿತು. ಮುಂದಿನ ಸ್ಲ್ಯಾಬ್ ಯಾವಾಗ?

ಕಟ್ಟಡ_ಕಾಂಟ್ರಾಕ್ಟರ್
9:50

ಸರಿ ಬಸು, ಒಪ್ಪಿದೆ. ಮಾತು ವಾಪಸ್.

ಸಿಮೆಂಟ್_ಮಾರುವವ
ಸೋಮವಾರ, ಬೆಳಿಗ್ಗೆ 7:30

ಕಂಪನಿಗಳನ್ನು ಯಾಕೆ ಯಾರೂ ಕೇಳುತ್ತಿಲ್ಲ? ನಾನೇ ಒಂದು ಸಿಮೆಂಟ್ ಕಂಪನಿಯ ಟೆಕ್ನಿಕಲ್ ವಿಭಾಗದಲ್ಲಿದ್ದೇನೆ. ಒಂದು ಟ್ರಿಪ್ ಸಿಮೆಂಟ್, ಕಾಂಕ್ರೀಟಿಗೆ ಬೆರೆಸೋ ಅಡ್ಮಿಕ್ಸ್ಚರ್ ಪುಕ್ಕಟೆ ಕೊಡೋದು ಕಷ್ಟ ಅಲ್ಲ. ಸಮಾಜಕ್ಕೆ ಅಂತ ಕಂಪನಿಗಳು ಖರ್ಚು ಮಾಡಬೇಕಾದ ಸಿಎಸ್‌ಆರ್ ದುಡ್ಡೂ ಇದೆ.

ನಿವೃತ್ತ_ಇಇ
8:15

ಸಿಎಸ್‌ಆರ್ ಪಟ್ಟಿ ಓದಿ ನೋಡಿ. ಸಂಶೋಧನೆಗೆ ಕೊಡೋದಾದರೆ ಸರ್ಕಾರಿ ದುಡ್ಡಿನ ವಿಶ್ವವಿದ್ಯಾಲಯ, ಐಐಟಿ, ರಾಷ್ಟ್ರೀಯ ಪ್ರಯೋಗಾಲಯ ಇಂಥವಕ್ಕೆ ದಾರಿ ಇದೆ. ಈ ಮೇಡಂ ಇರೋದು ಖಾಸಗಿ ಕಾಲೇಜಲ್ಲಿ.

ಇನ್ನು ಕಂಪನಿ ದುಡ್ಡು ಬಂದರೆ ಪ್ರಶ್ನೆಯೂ ಕಂಪನಿಯದ್ದೇ. "ನಮ್ಮ ಸಿಮೆಂಟ್ ಹಾಕಿದರೆ ಎಷ್ಟು ಗಟ್ಟಿ" ಅಂತ ಕೇಳೋಕೆ ದುಡ್ಡು ಕೊಡುತ್ತೀರಿ. "35 ವರ್ಷದ ಹಿಂದೆ ಕಟ್ಟಿದ್ದು ಈಗ ಹೇಗಿದೆ" ಅಂತ ಕೇಳೋಕೆ ಕೊಡುತ್ತೀರಾ?

ಸಿಮೆಂಟ್_ಮಾರುವವ
8:40

ಕೊಡೋದಿಲ್ಲ, ನಿಜ ಹೇಳಬೇಕಂದರೆ. ಹಳೇ ಕಟ್ಟಡದಲ್ಲಿ ನಮ್ಮ ಚೀಲ ಮಾರಾಟ ಆಗೋದಿಲ್ಲವಲ್ಲ.

ಆದರೂ ಒಂದು ಉದಾಹರಣೆ ಹೇಳುತ್ತೇನೆ. ಎಲ್‌ಸಿ3 ಅಂತ ಸಿಮೆಂಟ್ ಇದೆ. ಮಾಮೂಲಿ ಸಿಮೆಂಟಿನ ಮೂಲ ವಸ್ತು ಕ್ಲಿಂಕರ್ ಸುಮಾರು ಅರ್ಧ, ಉಳಿದದ್ದು ಜಾಸ್ತಿ ಪಾಲು ಸುಟ್ಟ ಜೇಡಿ ಮತ್ತು ಸುಣ್ಣದ ಕಲ್ಲು. ಅದರ ಸಂಶೋಧನೆಗೆ ವರ್ಷಗಟ್ಟಲೆ ದುಡ್ಡು ಹಾಕಿದ್ದು ಸ್ವಿಟ್ಜರ್ಲೆಂಡ್ ಸರ್ಕಾರದ ಅಭಿವೃದ್ಧಿ ಸಂಸ್ಥೆ. ಅಲ್ಲಿನ ಇಪಿಎಫ್‌ಎಲ್ ವಿಶ್ವವಿದ್ಯಾಲಯ, ಕ್ಯೂಬಾದವರು, ನಮ್ಮ ದೆಹಲಿ, ಮದ್ರಾಸ್ ಐಐಟಿಗಳು ಸೇರಿ ಮಾಡಿದರು. ಎಷ್ಟೋ ಹುಡುಗರ ಪಿಎಚ್‌ಡಿ ಅದರಲ್ಲೇ ಆಯಿತು. 2023ರಲ್ಲಿ ಅದಕ್ಕೆ ಭಾರತೀಯ ಮಾನದಂಡವೇ ಬಂತು, ಐಎಸ್ 18189. ಉಪ್ಪನ್ನು ಒಳಗೆ ಬಿಡದಿರೋದರಲ್ಲಿ ಆ ಸಿಮೆಂಟ್ ತುಂಬ ಚೆನ್ನಾಗಿದೆ. ಕಂಪನಿಗಳು ಆಮೇಲೆ ಬಂದವು.

ಸುಮ್ನೆ_ಓದುಗ
9:05

ಹೊಸ ಅನುಸಂಧಾನ್ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ಅಂದರು. ಅದರಲ್ಲಿ ಸರ್ಕಾರ ಕೊಡೋದು 14,000. ಬಾಕಿ 36,000 ಹೊರಗಿನಿಂದ, ಮುಖ್ಯವಾಗಿ ಖಾಸಗಿಯವರಿಂದ ಬರಬೇಕಂತೆ. ಮೇಲಿನ ಅಣ್ಣ "ಕೊಡೋದಿಲ್ಲ" ಅಂತ ಈಗಷ್ಟೇ ಹೇಳಿದರು.

ಕಟ್ಟಡ_ಕಾಂಟ್ರಾಕ್ಟರ್
ಮಧ್ಯಾಹ್ನ 1:10

ಮೇಡಂ, ನಿನ್ನೆಯಿಂದ ಒಂದು ಯೋಚನೆ ತಲೆಯಲ್ಲಿ ಓಡುತ್ತಿದೆ. ನಿಮಗೆ ಬೇಕಾಗಿರೋದು ತಾನಾಗಿ ತುಕ್ಕು ಹಿಡಿದ ಬೀಮ್ ತಾನೇ? ನಾನು ಮುಂದಿನ ತಿಂಗಳು ಬೀಚಿನಿಂದ ಅರ್ಧ ಕಿಲೋಮೀಟರ್ ದೂರದ ಒಂದು ಎರಡು ಮಹಡಿ ಮನೆ ಕೆಡವುತ್ತಿದ್ದೇನೆ. ಮಾಲೀಕರ ಪ್ರಕಾರ 1988ರಲ್ಲಿ ಕಟ್ಟಿದ್ದು. ಬೀಮ್ ಅಡಿಯಲ್ಲಿ ಉದ್ದಕ್ಕೂ ಬಿರುಕು. ಹೇಗೂ ಬ್ರೇಕರ್ ಹಾಕಿ ಪುಡಿ ಮಾಡಿ ಗುಂಡಿಗೆ ಸುರಿಯುತ್ತೇವೆ. ಪುಡಿ ಮಾಡೋ ಬದಲು ಕತ್ತರಿಸಿ ಕೊಡಲಾ?

ಕರಾವಳಿ_ಕಂಬಿ
1:14

ಸರ್. ಒಂದು ನಿಮಿಷ. ಕುರ್ಚಿಯಿಂದ ಎದ್ದು ನಿಂತಿದ್ದೇನೆ.

ಪ್ರೇರಿ_ಕನ್ನಡಿಗ
ರಾತ್ರಿ 7:30

ಬಿಡಬೇಡಿ! ನಾನು ಇಲ್ಲಿ ಮಾಡುತ್ತಿರೋದೂ ಅದೇ. ತೆಗೆದುಹಾಕಿದ ಸೇತುವೆಯ ಗರ್ಡರ್‌ಗಳನ್ನು ಲ್ಯಾಬಿಗೆ ತಂದು ಮುರಿಯೋದು. ಮೂವತ್ತು ಚಿಲ್ಲರೆ ವರ್ಷದ ಉಪ್ಪುಗಾಳಿಯನ್ನು ಯಾವ ಗ್ರಾಂಟಿನಿಂದಲೂ ಕೊಳ್ಳೋಕೆ ಆಗೋದಿಲ್ಲ. ಆ ಮನೆ ಅದನ್ನು ಪುಕ್ಕಟೆ ತಿಂದು ಕೂತಿದೆ.

ನಿವೃತ್ತ_ಇಇ
8:00

ಒಳ್ಳೆಯದು, ಆದರೆ ಕಣ್ಣು ಮುಚ್ಚಿ ಹಾರಬೇಡಿ. ಕಾಂಕ್ರೀಟ್ ಯಾವ ಗ್ರೇಡ್ ಅಂತ ಗೊತ್ತಿಲ್ಲ, ಕಂಬಿಯದ್ದೂ ಗೊತ್ತಿಲ್ಲ. 1988 ಅಂದರೆ ತಿರುಚಿದ ಟಾರ್ ಸ್ಟೀಲ್ ಇರುತ್ತೆ ಅಂತ ನನ್ನ ಅಂದಾಜು. ಪ್ರತಿ ಬೀಮಿನಿಂದ ಕೋರ್ (ಕೊರೆದು ತೆಗೆಯೋ ಕಾಂಕ್ರೀಟ್ ತುಂಡು) ತೆಗೆಯಿರಿ. ಮುರಿದ ಮೇಲೆ ಕಂಬಿ ಹೊರಗೆ ತೆಗೆದು ತುಕ್ಕು ತೊಳೆದು ತೂಕ ಮಾಡಿ, ಚೆನ್ನಾಗಿರೋ ತುಂಡನ್ನು ಎಳೆದು ನೋಡಿ. ಕೆಡವೋ ಮುಂಚೆ, ಕಂಬಿಯ ವೋಲ್ಟೇಜ್ ನೋಡಿ ತುಕ್ಕು ಅಂದಾಜು ಮಾಡೋ ಹಾಫ್ ಸೆಲ್ ರೀಡಿಂಗ್ ತಗೊಳ್ಳಿ. ಮೈನಸ್ 350 ಮಿಲಿವೋಲ್ಟ್ ದಾಟಿದರೆ ಅಲ್ಲಿ ತುಕ್ಕು ನಡೆಯುತ್ತಿರೋ ಸಾಧ್ಯತೆ ನೂರಕ್ಕೆ 90ಕ್ಕಿಂತ ಜಾಸ್ತಿ ಅಂತ ಲೆಕ್ಕ. ಆ ಅಂದಾಜು ನಿಜಕ್ಕೂ ಎಷ್ಟು ಸರಿ ಅಂತ ನಿಮಗೆ ಕಂಬಿ ಕಣ್ಣಿಗೆ ಬಿದ್ದಾಗ ತಿಳಿಯುತ್ತೆ. ಅದೇ ಒಂದು ಪೇಪರ್ ಆಗುತ್ತೆ.

ಲ್ಯಾಬಣ್ಣ
8:25

ಎಷ್ಟು ಉದ್ದ ಕತ್ತರಿಸುತ್ತೀರಿ? ಫ್ರೇಮಿಗೆ 3 ಮೀಟರ್ ಮೇಲೆ ಹಿಡಿಸೋದಿಲ್ಲ. ಮನೆ ಬೀಮ್ ಅಂದರೆ 230 ಅಗಲ, 450 ಎತ್ತರ ಹಿಡಿಯಿರಿ. ಮೂರು ಮೀಟರಿಗೆ ಮುಕ್ಕಾಲು ಟನ್ ದಾಟುತ್ತೆ. ನಮ್ಮ ಚೈನ್ ಪುಲ್ಲಿ ಅರ್ಧ ಟನ್ನಿನದು. ಬೇರೆ ತರಬೇಕು.

ಕರಾವಳಿ_ಕಂಬಿ
9:50

ಲೆಕ್ಕ ಹಾಕಿದೆ. ಡೈಮಂಡ್ ಕಟ್ಟರ್ ಬಾಡಿಗೆ, ಒಂದು ಟನ್ ಪುಲ್ಲಿ, ಕ್ರೇನ್ ಅರ್ಧ ದಿನ, ಫ್ರೇಮ್ ಕ್ಯಾಲಿಬ್ರೇಷನ್. ಹೊಸ ಬೀಮ್ ಹಾಕೋದಕ್ಕಿಂತ ಸಾಮಾನಿನ ಖರ್ಚು ಕಡಿಮೆ, ಸಾಗಾಟದ್ದು ಜಾಸ್ತಿ. ಕೆಎಸ್‌ಸಿಎಸ್‌ಟಿಗೆ ಇಬ್ಬರು ಎಂಟೆಕ್ ಹುಡುಗರ ಹೆಸರಲ್ಲಿ ಅರ್ಜಿ ಬರೆಯಲು ಕೂತಿದ್ದೇನೆ. ಗೈಡ್‌ಗೆ ಫೋನ್ ಮಾಡಿದೆ. "ಬೂದಿ ಬೇಡ ಅಂತೀಯಾ ಹಾಗಾದ್ರೆ" ಅಂದರು, ನಕ್ಕರು, ಹೂಂ ಅಂದರು. ಸ್ಟ್ರೈನ್ ಗೇಜ್ ಆಸೆ ಸದ್ಯಕ್ಕೆ ಬಿಟ್ಟೆ, ಡಯಲ್ ಗೇಜಿನಲ್ಲೇ ಬಾಗು ಅಳೆಯುತ್ತೇನೆ.

ಒಂದೇ ತೊಂದರೆ, ಸೈಟಿನಿಂದ ಕಾಲೇಜಿಗೆ 40 ಕಿಲೋಮೀಟರ್. ಆರು ಬೀಮ್ ಅಂದರೆ ನಾಲ್ಕೂವರೆ ಟನ್ ದಾಟುತ್ತೆ. ಲಾರಿ ಯಾರ ಹತ್ತಿರ ಇದೆ?

ಸಿಮೆಂಟ್_ಮಾರುವವ
10:02

ನಮ್ಮ ಡೀಲರ್ ಲಾರಿ ಶನಿವಾರ ಆ ಕಡೆ ಲೋಡ್ ಇಳಿಸಿ ಖಾಲಿ ವಾಪಸ್ ಬರುತ್ತೆ. ಕೇಳಿ ನೋಡುತ್ತೇನೆ. ಡೀಸೆಲ್ ಮಾತ್ರ ನಿಮ್ಮದು.

ಬಾರ್‌ಬೆಂಡಿಂಗ್_ಬಸು
10:10

ಕೆಡವೋ ದಿನ ನಾನೂ ಬರುತ್ತೇನೆ. ಆ ಕಾಲದಲ್ಲಿ ಆ ಏರಿಯಾದ ಕಂಬಿ ಕೆಲಸ ಎಲ್ಲ ನಮ್ಮ ಮಾವನೇ ಮಾಡುತ್ತಿದ್ದರು. ಬ್ಲಾಕ್ ಇಟ್ಟಿದ್ದರೋ ಜಲ್ಲಿ ಇಟ್ಟಿದ್ದರೋ ನೋಡಬೇಕು.